ಹೈದರಾಬಾದಿನಲ್ಲಿ ಇಂಗ್ಲಿಷ್ ಕಲಿಕೆ: ಒಂದು ಹಿನ್ನೋಟ

ನಾನು ವಾಸವಾಗಿರುವ ಬಡಾವಣೆಯ ಹೆಸರು ಸನತ್‌ನಗರ. ಊರಿನಿಂದ ಬರುವ ನಮ್ಮ ಬಂಧುಗಳು ಇದು ಸನತ್ಕುಮಾರನ ಹೆಸರಿನಿಂದ ಬಂದಿರಬೇಕೆಂದು ಊಹಿಸುವುದುಂಟು. ಬಹಳ ಕಾಲ ನಾನೂ ಹಾಗೆಯೇ ತಿಳಿದಿದ್ದೆ. ಒಂದು ದಿನ ಕಚೇರಿಯ ಹಿರಿಯ ಸಹೋದ್ಯೋಗಿಯೊಬ್ಬರು ನಕ್ಕು, ಉರ್ದುವಿನಲ್ಲಿ ‘ಸನತ್’ ಎಂದರೆ ಕೈಗಾರಿಕೆ ಎಂದು ತಿಳಿಸಿದರು. ನಿಜಾಮರ ಆಳ್ವಿಕೆಯ ಕೊನೆಯ ವರ್ಷಗಳಲ್ಲಿ ಕಾರ್ಖಾನೆಗಳಿಗೆಂದು ಬಿಟ್ಟ ನೆಲ ಇದು. 1942ರಲ್ಲಿ ಹುಟ್ಟಿದ ಆಲ್ವಿನ್ ಕಂಪನಿಯ ಹೆಸರನ್ನು ಈ ಭಾಗದ ಹಳಬರು ಇಂದಿಗೂ ಹೇಳುತ್ತಾರೆ. ಕಂಪನಿ ಹೋಗಿದೆ, ಕಾರ್ಮಿಕರಿಗೆಂದು ಕಟ್ಟಿದ ಇ.ಎಸ್.ಐ. ಆಸ್ಪತ್ರೆ ಉಳಿದಿದೆ, ಉರ್ದು ಹೆಸರೂ ಉಳಿದಿದೆ.

ಹೀಗೆ ಒಂದು ಹೆಸರಿನ ಅರ್ಥ ತಿಳಿಯಬೇಕಾದರೂ ಇನ್ನೊಂದು ಭಾಷೆಯ ಬಾಗಿಲು ತಟ್ಟಬೇಕಾದ ಊರು ಇದು. ಇಲ್ಲಿ ನಾವು ಮನೆಯಲ್ಲಿ ಕನ್ನಡ, ತರಕಾರಿ ಗಾಡಿಯ ಬಳಿ ತೆಲುಗು, ಆಟೋದವನೊಂದಿಗೆ ದಖ್ಖನಿ, ಕಚೇರಿಯ ಕಡತದಲ್ಲಿ ಇಂಗ್ಲಿಷ್ ಬಳಸುತ್ತೇವೆ. ಇದರಲ್ಲಿ ವಿಶೇಷವೇನೂ ಇಲ್ಲವೆಂದು ನಾನು ಎಣಿಸಿದ್ದೆ. ಆದರೆ ಹೋದ ವರ್ಷ ಒಂಬತ್ತನೆಯ ತರಗತಿಯಲ್ಲಿದ್ದ ನನ್ನ ಮಗಳು ಶಾಲೆಯ ಒಂದು ಅರ್ಜಿಯನ್ನು ತುಂಬುತ್ತಿದ್ದಳು. ಅದರಲ್ಲಿ ‘ತಿಳಿದಿರುವ ಭಾಷೆಗಳು’ ಎಂಬ ಕೋಷ್ಟಕವಿತ್ತು. ಓದಲು, ಬರೆಯಲು, ಮಾತನಾಡಲು ಎಂದು ಮೂರು ಮನೆಗಳು. ಇಂಗ್ಲಿಷಿನ ಮುಂದೆ ಮೂರಕ್ಕೂ ಗುರುತು ಹಾಕಿದಳು. ತೆಲುಗು, ಹಿಂದಿಗಳಿಗೂ ಮೂರು. ಕನ್ನಡದ ಮುಂದೆ ಕೊನೆಯ ಮನೆಗೆ ಮಾತ್ರ ಒಂದು ಗುರುತು ಹಾಕಿ ಪೆನ್ನು ಇಟ್ಟಳು. ಅವಳು ಬರೆದದ್ದು ಸತ್ಯವೇ ಆಗಿತ್ತು. ಆ ಸತ್ಯ ನನ್ನನ್ನು ಅಂದು ರಾತ್ರಿ ನಿದ್ದೆ ಮಾಡಗೊಡಲಿಲ್ಲ.

ನಾನಾದರೋ ಕಲಬುರಗಿ ಜಿಲ್ಲೆಯ ಹಳ್ಳಿಯೊಂದರಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿ, ಇಂಗ್ಲಿಷನ್ನು ಬಹಳ ಕಷ್ಟದಿಂದ ಕಲಿತವನು. ಅದನ್ನು ಒಂದು ಹದಕ್ಕೆ ತಂದುಕೊಂಡದ್ದು ಇದೇ ಹೈದರಾಬಾದಿನಲ್ಲಿ. ಪರಭಾಷೆಯನ್ನು ವಿಶ್ವವಿದ್ಯಾಲಯದಲ್ಲಿ ಕಲಿಯುವ ಮತ್ತು ಕಲಿಸುವ ವಿಷಯದಲ್ಲಿ ಈ ಊರಿಗೆ ನೂರು ವರ್ಷಗಳಿಗೂ ಮೀರಿದ ಇತಿಹಾಸವಿದೆ. ಅದರಲ್ಲಿ ಕನ್ನಡಿಗರ ಪಾಲೂ ಇದೆ. ಅದನ್ನು ನಮ್ಮ ಸಂಘದ ಓದುಗರ ಮುಂದಿಡುವುದು ಈ ಲೇಖನದ ಉದ್ದೇಶ.

ಉರ್ದು ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್

1857ರಲ್ಲಿ ಕಲ್ಕತ್ತ, ಮುಂಬಯಿ, ಮದರಾಸುಗಳಲ್ಲಿ ವಿಶ್ವವಿದ್ಯಾಲಯಗಳು ಸ್ಥಾಪನೆಯಾದಾಗ ಇಂಗ್ಲಿಷ್ ಅಲ್ಲಿ ಒಂದು ವಿಷಯ ಮಾತ್ರವಾಗಿರಲಿಲ್ಲ. ಎಲ್ಲ ವಿಷಯಗಳಿಗೂ ಅದೇ ಬಾಗಿಲಾಗಿತ್ತು. ಇಂಗ್ಲಿಷ್ ಬಾರದವನಿಗೆ ಗಣಿತವೂ ಇಲ್ಲ, ತರ್ಕವೂ ಇಲ್ಲ. 1916ರಲ್ಲಿ ಆರಂಭವಾದ ನಮ್ಮ ಮೈಸೂರು ವಿಶ್ವವಿದ್ಯಾಲಯವೂ ಈ ದಾರಿಯನ್ನೇ ಹಿಡಿಯಿತು. ಹೈದರಾಬಾದಿನಲ್ಲೂ 1887ರಲ್ಲಿ ಸ್ಥಾಪನೆಯಾದ ನಿಜಾಮ್ ಕಾಲೇಜು ಮದರಾಸು ವಿಶ್ವವಿದ್ಯಾಲಯಕ್ಕೆ ಸೇರಿ ಇಂಗ್ಲಿಷಿನಲ್ಲಿಯೇ ಪಾಠ ನಡೆಸುತ್ತಿತ್ತು.

ಇಂಥ ಕಾಲದಲ್ಲಿ ಏಳನೆಯ ನಿಜಾಮ ಮೀರ್ ಉಸ್ಮಾನ್ ಅಲಿ ಖಾನರು 1917ರಲ್ಲಿ ಹೊರಡಿಸಿದ ಫರ್ಮಾನಿನಂತೆ 1918ರಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯ ಸ್ಥಾಪನೆಯಾಯಿತು. ಇದರ ವೈಶಿಷ್ಟ್ಯವೆಂದರೆ ಎಲ್ಲ ವಿಷಯಗಳನ್ನೂ ಉರ್ದುವಿನಲ್ಲಿ ಬೋಧಿಸತಕ್ಕದ್ದು, ಇಂಗ್ಲಿಷನ್ನು ಮಾತ್ರ ಒಂದು ಭಾಷೆಯಾಗಿ ಪ್ರತಿಯೊಬ್ಬ ವಿದ್ಯಾರ್ಥಿಯೂ ಕಡ್ಡಾಯವಾಗಿ ಕಲಿಯತಕ್ಕದ್ದು ಎಂಬ ನಿಯಮ. ಎಂದರೆ ಇಂಗ್ಲಿಷನ್ನು ಹೊರಗೆ ಹಾಕಲಿಲ್ಲ; ಅದನ್ನು ಸಿಂಹಾಸನದಿಂದ ಇಳಿಸಿ ಬೆಂಚಿನ ಮೇಲೆ ಕೂಡಿಸಿದರು. ಭಾರತೀಯ ಭಾಷೆಯೊಂದು ವಿಶ್ವವಿದ್ಯಾಲಯದ ಮಾಧ್ಯಮವಾಗುತ್ತಿದೆಯೆಂದು ರವೀಂದ್ರನಾಥ ಟಾಗೋರರು ಈ ಪ್ರಯೋಗವನ್ನು ಸ್ವಾಗತಿಸಿದ್ದರು.

ಇದಕ್ಕೆ ಬೇಕಾದ ಸಿದ್ಧತೆಯನ್ನೂ ಮಾಡಿದರು. 1917ರಲ್ಲಿಯೇ ‘ದಾರುಲ್ ತರ್ಜುಮಾ’ ಎಂಬ ಭಾಷಾಂತರ ಕಚೇರಿ ಆರಂಭವಾಯಿತು. ಮೌಲ್ವಿ ಅಬ್ದುಲ್ ಹಕ್ಕರು ಅದರ ಮೊದಲ ಮುಖ್ಯಸ್ಥರು. ಚರಿತ್ರೆ, ತತ್ತ್ವಶಾಸ್ತ್ರ, ಕಾನೂನು, ಗಣಿತ, ಭೌತಶಾಸ್ತ್ರ, ರಸಾಯನಶಾಸ್ತ್ರ, ವೈದ್ಯ ಮೊದಲಾದ ವಿಷಯಗಳ ಪಠ್ಯಗಳು ಇಲ್ಲಿ ಉರ್ದುವಿಗೆ ಬಂದವು. ಪಾರಿಭಾಷಿಕ ಪದಗಳನ್ನು ಹೇಗೆ ಟಂಕಿಸಬೇಕೆಂಬ ವಿಷಯದ ಮೇಲೆಯೇ ವಹೀದುದ್ದೀನ್ ಸಲೀಂ ಅವರು 1921ರಲ್ಲಿ ಒಂದು ಗ್ರಂಥ ಬರೆದರು. ಬಿ.ಎಸ್ಸಿ. ಓದಿದ ನನ್ನಂಥವನಿಗೆ, ಒಂದು ಕಾಲದಲ್ಲಿ ಈ ಊರಿನ ಹುಡುಗರು ಬೀಜಗಣಿತವನ್ನೂ ಅಂಗರಚನಾಶಾಸ್ತ್ರವನ್ನೂ ಭಾರತೀಯ ಭಾಷೆಯಲ್ಲಿ ಓದಿ ಪದವಿ ಪಡೆದರೆಂಬುದು ಇಂದಿಗೂ ಬೆರಗಿನ ಸಂಗತಿ.

ಆದರೆ ಇದರ ಇನ್ನೊಂದು ಮುಖವನ್ನೂ ಹೇಳಬೇಕು. ಹೈದರಾಬಾದ್ ಸಂಸ್ಥಾನದ ಪ್ರಜೆಗಳಲ್ಲಿ ಬಹುಪಾಲಿನವರು ತೆಲುಗು, ಮರಾಠಿ, ಕನ್ನಡ ಮಾತನಾಡುವವರು. ಗುಲ್ಬರ್ಗ, ರಾಯಚೂರು, ಬೀದರುಗಳ ಕನ್ನಡ ಹುಡುಗನಿಗೆ ಉರ್ದು ಮನೆಮಾತಲ್ಲ. ಅವನು ಮೊದಲು ಉರ್ದು ಕಲಿತು, ಆ ಉರ್ದುವಿನ ಮೂಲಕ ಶಾಸ್ತ್ರ ಕಲಿತು, ಜೊತೆಗೆ ಇಂಗ್ಲಿಷನ್ನೂ ಕಲಿಯಬೇಕು. ನಿಜಾಮರ ಸರ್ಕಾರಕ್ಕೆ ‘ದೇಶಭಾಷೆ’ಯಾಗಿದ್ದದ್ದು ಅವನಿಗೆ ಮೊದಲನೆಯ ಪರಭಾಷೆ, ಇಂಗ್ಲಿಷ್ ಎರಡನೆಯ ಪರಭಾಷೆ. ಗುಲ್ಬರ್ಗದ ಇಂಟರ್ಮೀಡಿಯೆಟ್ ಕಾಲೇಜಿನಲ್ಲಿ ಓದಿದ ಹಿರಿಯರೊಬ್ಬರನ್ನು ನಾನು ಬಾಲ್ಯದಲ್ಲಿ ಕಂಡಿದ್ದೇನೆ. ಅವರು ಲೆಕ್ಕವನ್ನು ಉರ್ದುವಿನಲ್ಲಿ ಎಣಿಸುತ್ತಿದ್ದರು, ಅರ್ಜಿಯನ್ನು ಇಂಗ್ಲಿಷಿನಲ್ಲಿ ಬರೆಯುತ್ತಿದ್ದರು, ಬೈಗುಳ ಮತ್ತು ಭಜನೆ ಎರಡನ್ನೂ ಕನ್ನಡದಲ್ಲಿ ಇಟ್ಟುಕೊಂಡಿದ್ದರು.

‘ಇಂಟರ್ಮೀಡಿಯೆಟ್’ ಎಂಬ ಮಾತಿನ ಬಗ್ಗೆ ಇಲ್ಲೊಂದು ಮಾತು ಹೇಳಬಹುದು. ಶಾಲೆಗೂ ಪದವಿಗೂ ನಡುವಿನ ಎರಡು ವರ್ಷದ ಓದು ಇದು. ಹೈಸ್ಕೂಲು ಮುಗಿಸಿದ ಹುಡುಗನ ಇಂಗ್ಲಿಷ್ ವಿಶ್ವವಿದ್ಯಾಲಯದ ಪಾಠಕ್ಕೆ ಸಾಲದೆಂಬ ಅರಿವು ಆಗಲೇ ಇತ್ತು. 1917ರಲ್ಲಿ ನೇಮಕವಾದ ಕಲ್ಕತ್ತ ವಿಶ್ವವಿದ್ಯಾಲಯ ಆಯೋಗ, ಸ್ಯಾಡ್ಲರ್ ಆಯೋಗವೆಂದು ಹೆಸರಾದದ್ದು, ಈ ಎರಡು ವರ್ಷಗಳನ್ನು ವಿಶ್ವವಿದ್ಯಾಲಯದಿಂದ ಬೇರ್ಪಡಿಸಿ ಪ್ರತ್ಯೇಕ ಇಂಟರ್ಮೀಡಿಯೆಟ್ ಕಾಲೇಜುಗಳಿಗೆ ಒಪ್ಪಿಸಬೇಕೆಂದು ಸಲಹೆ ಮಾಡಿತು. ಕರ್ನಾಟಕದಲ್ಲಿ ಅದೇ ಮುಂದೆ ಪಿ.ಯು.ಸಿ. ಆಯಿತು. ಇಲ್ಲಿ ತೆಲುಗು ನಾಡಿನಲ್ಲಿ ಹೆಸರು ಹಾಗೆಯೇ ನಿಂತಿದೆ. ನಮ್ಮ ಮಕ್ಕಳು ಇಂದಿಗೂ ‘ಇಂಟರ್’ ಓದುತ್ತಾರೆ.

1948ರ ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆಯ ತರುವಾಯ ಉಸ್ಮಾನಿಯಾದ ಮಾಧ್ಯಮ ಇಂಗ್ಲಿಷಿಗೆ ಬದಲಾಯಿತು. ನಿನ್ನೆಯವರೆಗೆ ಉರ್ದುವಿನಲ್ಲಿ ಓದುತ್ತಿದ್ದವರು, ಬೋಧಿಸುತ್ತಿದ್ದವರು ಇಂದು ಇಂಗ್ಲಿಷಿಗೆ ತಿರುಗಬೇಕಾಯಿತು. ಮೂವತ್ತು ವರ್ಷ ಬೆಳೆಸಿದ ಪದಸಂಪತ್ತು ಗ್ರಂಥಾಲಯದ ಕಪಾಟು ಸೇರಿತು. 1956ರ ನವೆಂಬರ್ 1ರಂದು ನಮ್ಮ ಮೂರು ಜಿಲ್ಲೆಗಳು ವಿಶಾಲ ಮೈಸೂರನ್ನು ಸೇರಿದವು. ಗುಲ್ಬರ್ಗಕ್ಕೆ ತನ್ನದೇ ವಿಶ್ವವಿದ್ಯಾಲಯ ಬಂದದ್ದು 1980ರಲ್ಲಿ.

ಒಂದೇ ಆವರಣದ ಎದುರು ಬದುರು

ಸ್ವಾತಂತ್ರ್ಯ ಬಂದ ಮೇಲೆ ಇಂಗ್ಲಿಷಿನ ಗತಿಯೇನು ಎಂಬುದು ದೊಡ್ಡ ಪ್ರಶ್ನೆಯಾಯಿತು. ಸಂವಿಧಾನ ಕೊಟ್ಟ ಹದಿನೈದು ವರ್ಷಗಳ ಗಡುವು 1965ಕ್ಕೆ ಮುಗಿಯಬೇಕಿತ್ತು. ವಿಶ್ವವಿದ್ಯಾಲಯ ಧನಸಹಾಯ ಆಯೋಗವು ಹೃದಯನಾಥ ಕುಂಜ್ರು ಅವರ ಅಧ್ಯಕ್ಷತೆಯಲ್ಲಿ ನೇಮಿಸಿದ ಸಮಿತಿ 1957ರಲ್ಲಿ ವರದಿ ಕೊಟ್ಟಿತು. ಮಾಧ್ಯಮವನ್ನು ಅವಸರದಲ್ಲಿ ಬದಲಾಯಿಸಬಾರದು, ಬದಲಾದರೂ ಇಂಗ್ಲಿಷನ್ನು ಎರಡನೆಯ ಭಾಷೆಯಾಗಿ ಚೆನ್ನಾಗಿ ಕಲಿಸಬೇಕು, ಅದಕ್ಕೆ ವಿಶೇಷ ವಿಧಾನಗಳು ಬೇಕು ಎಂಬುದು ಅದರ ಅಭಿಪ್ರಾಯದ ತಿರುಳು. ಎಂದರೆ ಷೇಕ್ಸ್‌ಪಿಯರನ ನಾಟಕ, ಮಿಲ್ಟನ್ನನ ಕಾವ್ಯಗಳನ್ನು ಪಾಠ ಹೇಳಿದರೆ ಇಂಗ್ಲಿಷ್ ತಾನಾಗಿ ಬರುತ್ತದೆಂಬ ಹಳೆಯ ನಂಬಿಕೆ ಅಲುಗಾಡಿತ್ತು.

1958ರಲ್ಲಿ ಭಾರತ ಸರ್ಕಾರ ಹೈದರಾಬಾದಿನಲ್ಲಿ ಇಂಗ್ಲಿಷಿನ ಕೇಂದ್ರೀಯ ಸಂಸ್ಥೆಯನ್ನು ಸ್ಥಾಪಿಸಿತು. ಫೋರ್ಡ್ ಫೌಂಡೇಷನ್ ಮತ್ತು ಬ್ರಿಟಿಷ್ ಕೌನ್ಸಿಲುಗಳ ನೆರವು ಅದಕ್ಕಿತ್ತು. ಕಾಲೇಜಿನ ಇಂಗ್ಲಿಷ್ ಅಧ್ಯಾಪಕರಿಗೆ ತರಬೇತಿ ಕೊಡುವುದು, ಪಠ್ಯಸಾಮಗ್ರಿ ಸಿದ್ಧಪಡಿಸುವುದು, ಸಂಶೋಧನೆ ನಡೆಸುವುದು ಅದರ ಕೆಲಸ. ವಿಚಿತ್ರವೆಂದರೆ ಈ ಸಂಸ್ಥೆ ತಾರ್ನಾಕದ ಕಡೆ, ಉಸ್ಮಾನಿಯಾ ವಿಶ್ವವಿದ್ಯಾಲಯದ ಮಗ್ಗುಲಲ್ಲೇ ಬೆಳೆಯಿತು. ಇಂಗ್ಲಿಷ್ ಮಾಧ್ಯಮವನ್ನು ಬೇಡವೆಂದು ಹುಟ್ಟಿದ ವಿಶ್ವವಿದ್ಯಾಲಯದ ಪಕ್ಕದಲ್ಲಿಯೇ, ನಲವತ್ತು ವರ್ಷಗಳ ಅನಂತರ, ದೇಶಕ್ಕೆಲ್ಲ ಇಂಗ್ಲಿಷ್ ಕಲಿಸುವ ಸಂಸ್ಥೆ!

ಕನ್ನಡಿಗರಿಗೆ ಇನ್ನೂ ಹತ್ತಿರದ ಸಂಗತಿಯೆಂದರೆ ಅದರ ಆರಂಭದ ವರ್ಷಗಳಲ್ಲಿ ನಿರ್ದೇಶಕರಾಗಿದ್ದವರು ವಿನಾಯಕ ಕೃಷ್ಣ ಗೋಕಾಕರು. 1909ರಲ್ಲಿ ಸವಣೂರಿನಲ್ಲಿ ಹುಟ್ಟಿ, ಧಾರವಾಡದಲ್ಲಿ ಓದಿ, ಆಕ್ಸ್‌ಫರ್ಡಿನಲ್ಲಿ ಇಂಗ್ಲಿಷ್ ಸಾಹಿತ್ಯದಲ್ಲಿ ಪ್ರಥಮ ದರ್ಜೆ ಪಡೆದವರು. 1958ರಲ್ಲಿ ಬಳ್ಳಾರಿಯಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾಗಿದ್ದವರೂ ಅವರೇ. ಮರುವರ್ಷ ಹೈದರಾಬಾದಿಗೆ ಬಂದು ಇಂಗ್ಲಿಷ್ ಸಂಸ್ಥೆಯ ಹೊಣೆ ಹೊತ್ತರು. 1966ರ ವರೆಗೆ ಇಲ್ಲಿದ್ದರು. ಇಲ್ಲಿದ್ದಾಗಲೇ, 1960ರಲ್ಲಿ, ‘ದ್ಯಾವಾಪೃಥಿವೀ’ ಕವನ ಸಂಗ್ರಹಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂತು. ಭಾರತದಲ್ಲಿ ಇಂಗ್ಲಿಷಿನ ವರ್ತಮಾನ ಮತ್ತು ಭವಿಷ್ಯವನ್ನು ಕುರಿತ ಅವರ ಇಂಗ್ಲಿಷ್ ಗ್ರಂಥ 1964ರಲ್ಲಿ ಪ್ರಕಟವಾಯಿತು. ಹಗಲು ಇಂಗ್ಲಿಷ್ ಬೋಧನೆಯ ಚಿಂತೆ, ಬಿಡುವಿನಲ್ಲಿ ಕನ್ನಡ ಕಾವ್ಯ. ಎರಡಕ್ಕೂ ಅವರಲ್ಲಿ ಜಗಳವಿರಲಿಲ್ಲ. ಬಿ.ಎಂ. ಶ್ರೀಕಂಠಯ್ಯನವರಿಂದ ಹಿಡಿದು ಅನಂತಮೂರ್ತಿಯವರವರೆಗೆ ನಮ್ಮ ಎಷ್ಟೋ ಸಾಹಿತಿಗಳು ಇಂಗ್ಲಿಷ್ ಅಧ್ಯಾಪಕರೇ ಆಗಿದ್ದರೆಂಬುದನ್ನು ಇಲ್ಲಿ ನೆನೆಯಬಹುದು.

1972ರಲ್ಲಿ ಜರ್ಮನ್, ರಷ್ಯನ್, ಫ್ರೆಂಚ್ ಮೊದಲಾದವನ್ನೂ ಸೇರಿಸಿಕೊಂಡು ಸಂಸ್ಥೆ ತನ್ನ ಹೆಸರನ್ನು ‘ಇಂಗ್ಲಿಷ್ ಮತ್ತು ವಿದೇಶೀ ಭಾಷೆಗಳ ಕೇಂದ್ರೀಯ ಸಂಸ್ಥೆ’ ಎಂದು ಬದಲಾಯಿಸಿಕೊಂಡಿತು. ಮರುವರ್ಷ ವಿಶ್ವವಿದ್ಯಾಲಯದ ಸಮಾನ ಮಾನ್ಯತೆ ಸಿಕ್ಕಿತು. 2006ರ ಕಾಯಿದೆಯಂತೆ 2007ರಲ್ಲಿ ಅದು ಪೂರ್ಣ ಕೇಂದ್ರೀಯ ವಿಶ್ವವಿದ್ಯಾಲಯವಾಯಿತು. ಹೆಸರಿನ ನಡುವೆ ಇರುವ ‘ಮತ್ತು’ ಎಂಬ ಸಣ್ಣ ಶಬ್ದವನ್ನು ಓದುಗರು ಗಮನಿಸಬೇಕು. ಇಂಗ್ಲಿಷ್ ವಿದೇಶೀ ಭಾಷೆಗಳ ಗುಂಪಿಗೆ ಸೇರಿಲ್ಲ, ಹಾಗೆಂದು ದೇಶಭಾಷೆಯೂ ಅಲ್ಲ. ‘ಮತ್ತು’ವಿನ ಈಚೆ ಒಂದೇ ನಿಂತಿದೆ. ನಮ್ಮ ದೇಶದಲ್ಲಿ ಇಂಗ್ಲಿಷಿನ ಸ್ಥಿತಿಯನ್ನು ಇದಕ್ಕಿಂತ ಸರಿಯಾಗಿ ಹೇಳಲಾಗದು.

ಕಲಿಸುವ ಕ್ರಮ

ಭಾಷಾಬೋಧನೆಯವರು ‘ಎರಡನೆಯ ಭಾಷೆ’ ಎಂದೂ ‘ವಿದೇಶೀ ಭಾಷೆ’ ಎಂದೂ ಎರಡು ಬಗೆ ಮಾಡುತ್ತಾರೆ. ತರಗತಿಯ ಹೊರಗೂ ಕಿವಿಗೆ ಬೀಳುವುದು, ಬಳಕೆಗೆ ಬರುವುದು ಎರಡನೆಯ ಭಾಷೆ. ತರಗತಿಯ ಬಾಗಿಲು ಮುಚ್ಚಿದೊಡನೆ ಮುಗಿದುಹೋಗುವುದು ವಿದೇಶೀ ಭಾಷೆ. ಈ ಅಳತೆಯಿಂದ ಸಿಕಂದರಾಬಾದಿನ ದಂಡು ಪ್ರದೇಶದ ಹುಡುಗನಿಗೆ ಇಂಗ್ಲಿಷ್ ಎರಡನೆಯ ಭಾಷೆ, ನಮ್ಮ ಹಳ್ಳಿಯ ಹುಡುಗನಿಗೆ ಅಪ್ಪಟ ವಿದೇಶೀ ಭಾಷೆ. ಪರೀಕ್ಷೆಯ ಪ್ರಶ್ನಪತ್ರಿಕೆ ಮಾತ್ರ ಇಬ್ಬರಿಗೂ ಒಂದೇ.

ಹೀಗಾಗಿ ಕ್ರಮಬದ್ಧವಾಗಿ ಕಲಿಸುವ ಪ್ರಯತ್ನಗಳು ನಡೆದವು. ಮೈಕೇಲ್ ವೆಸ್ಟ್ ಎಂಬ ಆಂಗ್ಲ ವಿದ್ವಾಂಸರು ಢಾಕಾದಲ್ಲಿ ಕೆಲಸ ಮಾಡಿ, ಬಂಗಾಳದ ಮಕ್ಕಳಿಗೆ ಮೊದಲು ಬೇಕಾದದ್ದು ಓದುವ ಶಕ್ತಿ ಎಂದು ಕಂಡುಕೊಂಡರು. 1953ರಲ್ಲಿ ಅವರು ಪ್ರಕಟಿಸಿದ ಸುಮಾರು 2000 ಮುಖ್ಯ ಪದಗಳ ಪಟ್ಟಿ ಜಗತ್ತಿನಾದ್ಯಂತ ಪಠ್ಯಪುಸ್ತಕಗಳಿಗೆ ಆಧಾರವಾಯಿತು. ಪದಗಳಂತೆಯೇ ವಾಕ್ಯರಚನೆಗಳನ್ನೂ ಸುಲಭದಿಂದ ಕಠಿಣಕ್ಕೆ ಜೋಡಿಸಿ, ಒಂದೊಂದನ್ನೂ ಬಾಯಲ್ಲಿ ಮತ್ತೆ ಮತ್ತೆ ಹೇಳಿಸುವ ‘ರಚನಾ ಪದ್ಧತಿ’ 1950-60ರ ದಶಕಗಳಲ್ಲಿ ದಕ್ಷಿಣ ಭಾರತದ ಶಾಲೆಗಳಿಗೆ ಬಂತು. ‘ದಿಸ್ ಈಸ್ ಎ ಬುಕ್, ದಟ್ ಈಸ್ ಎ ಪೆನ್’ ಎಂದು ಕೂಗಿದ ತಲೆಮಾರು ಅದರ ಮಕ್ಕಳು. ಬೆಂಗಳೂರಿನಲ್ಲಿ 1963ರಲ್ಲಿ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಯೂ ಆರಂಭವಾಯಿತು.

ಅದೇ ಬೆಂಗಳೂರಿನ ಹೆಸರಿನಲ್ಲಿ ಜಗತ್ತು ಇಂದಿಗೂ ನೆನೆಯುವ ಪ್ರಯೋಗವೊಂದು 1979ರಿಂದ 1984ರ ವರೆಗೆ ನಡೆಯಿತು. ಅದನ್ನು ನಡೆಸಿದವರು ಎನ್.ಎಸ್. ಪ್ರಭು. ವ್ಯಾಕರಣವನ್ನು ಕ್ರಮವಾಗಿ ಬಡಿಸುವುದರ ಬದಲು ಮಕ್ಕಳಿಗೆ ಒಂದು ಕೆಲಸ ಕೊಡಬೇಕು. ರೈಲ್ವೆ ವೇಳಾಪಟ್ಟಿ ನೋಡಿ ಯಾವ ಗಾಡಿ ಹಿಡಿಯಬೇಕೆಂದು ಹೇಳುವುದು, ನಕ್ಷೆ ನೋಡಿ ದಾರಿ ತಿಳಿಸುವುದು, ಹೀಗೆ. ಮನಸ್ಸು ಅರ್ಥದ ಮೇಲಿರುವಾಗಲೇ ಭಾಷೆಯ ರೂಪ ಒಳಗಿಳಿಯುತ್ತದೆಂಬುದು ಅವರ ವಾದ. 1987ರಲ್ಲಿ ಅವರು ಈ ಕುರಿತು ಬರೆದ ಪುಸ್ತಕ ಇಂಗ್ಲಿಷ್ ಅಧ್ಯಾಪಕರ ಓದಿನಲ್ಲಿ ಸ್ಥಿರವಾದ ಸ್ಥಾನ ಪಡೆದಿದೆ.

ಹೈದರಾಬಾದಿನ ಸಂಸ್ಥೆಯಲ್ಲಿ ಉಚ್ಚಾರಣೆಯ ಮೇಲೂ ಮುಖ್ಯ ಕೆಲಸ ನಡೆಯಿತು. ಆರ್.ಕೆ. ಬನ್ಸಲ್ ಅವರು ಭಾರತೀಯರ ಇಂಗ್ಲಿಷ್ ಪರದೇಶದವರಿಗೆ ಎಷ್ಟು ಅರ್ಥವಾಗುತ್ತದೆಂದು ಪರೀಕ್ಷಿಸಿ 1969ರಲ್ಲಿ ಗ್ರಂಥವನ್ನು ಪ್ರಕಟಿಸಿದರು. ಪದದಲ್ಲಿ ಒತ್ತು ಎಲ್ಲಿ ಬೀಳಬೇಕೋ ಅಲ್ಲಿ ಬೀಳದಿರುವುದೇ ಅರ್ಥವಾಗದಿರಲು ದೊಡ್ಡ ಕಾರಣವೆಂದು ಅದರಿಂದ ತಿಳಿದುಬಂತು. ‘ರೆಕಾರ್ಡ್’ ಎಂಬುದರಲ್ಲಿ ಮೊದಲ ಭಾಗ ಒತ್ತಿದರೆ ದಾಖಲೆ, ಎರಡನೆಯ ಭಾಗ ಒತ್ತಿದರೆ ದಾಖಲಿಸು. ಕನ್ನಡದಲ್ಲಿ ಇಂಥ ವ್ಯವಸ್ಥೆಯಿಲ್ಲ. ನಾವು ಪ್ರತಿ ಅಕ್ಷರಕ್ಕೂ ಸಮಾನ ನ್ಯಾಯ ಕೊಡುತ್ತೇವೆ.

ನನ್ನ ಪಾಲಿನ ಇಂಗ್ಲಿಷ್

ಇನ್ನು ನನ್ನ ಕಥೆ. ಐದನೆಯ ತರಗತಿಯಲ್ಲಿ ಎ, ಬಿ, ಸಿ, ಡಿ ಕಲಿತವನು ನಾನು. ಎಸ್.ಎಸ್.ಎಲ್.ಸಿ.ವರೆಗೆ ಎಲ್ಲವೂ ಕನ್ನಡದಲ್ಲಿ. ವಿಜ್ಞಾನದಲ್ಲಿ ಒಳ್ಳೆಯ ಅಂಕಗಳು ಬಂದವೆಂದು ಪಿ.ಯು.ಸಿ.ಯಲ್ಲಿ ವಿಜ್ಞಾನಕ್ಕೇ ಸೇರಿಸಿದರು. ಮೊದಲ ದಿನ ಗಣಿತದ ಉಪನ್ಯಾಸಕರು ಹಲಗೆಯ ಮೇಲೆ ‘ಲೆಟ್ ಎಕ್ಸ್ ಬಿ’ ಎಂದು ಆರಂಭಿಸಿದರು. ‘ಎಕ್ಸ್’ ನನಗೆ ಹಳೆಯ ಪರಿಚಯ. ‘ಲೆಟ್’ ಎಂದರೇನೆಂದು ತಿಳಿಯಲಿಲ್ಲ. ಅದೊಂದು ಗಣಿತದ ಪಾರಿಭಾಷಿಕ ಪದವಿರಬೇಕು, ಹಿಂದಿನ ತರಗತಿಯಲ್ಲಿ ನಾನು ತಪ್ಪಿಸಿಕೊಂಡಿರಬೇಕು ಎಂದು ನಾಚಿ ಸುಮ್ಮನೆ ಕುಳಿತೆ. ‘ಎಕ್ಸ್ ಎಂಬುದು ಇಂಥದ್ದಾಗಿರಲಿ’ ಎಂಬ ಕನ್ನಡವನ್ನು ನಾನು ನೂರು ಸಲ ಬರೆದಿದ್ದೆ. ಗಣಿತ ಗೊತ್ತಿತ್ತು, ಬಾಗಿಲು ಗೊತ್ತಿರಲಿಲ್ಲ. ಆ ವರ್ಷ ಗಣಿತದಲ್ಲಿ ಪಾಸಾಗಿ ಇಂಗ್ಲಿಷಿನಲ್ಲಿ ನಪಾಸಾದೆ. ಮುಂದೆ ಬಿ.ಎಸ್ಸಿ.ಯಲ್ಲಿ ಇಂಗ್ಲಿಷನ್ನು ಗೈಡು ಬಾಯಿಪಾಠ ಮಾಡಿ ದಾಟಿದೆ. ಪದವಿ ಕೈಗೆ ಬಂತು. ಇಂಗ್ಲಿಷಿನಲ್ಲಿ ಒಂದು ಪತ್ರ ಸ್ವಂತವಾಗಿ ಬರೆಯುವ ಶಕ್ತಿ ಬರಲಿಲ್ಲ.

ಕೇಂದ್ರ ಸರ್ಕಾರದ ಗುಮಾಸ್ತೆ ಹುದ್ದೆಗೆ ಆಯ್ಕೆಯಾಗಿ 2004ರಲ್ಲಿ ಹೈದರಾಬಾದಿಗೆ ಬಂದೆ. ನಾನು ಸಿದ್ಧಪಡಿಸಿದ ಮೊದಲ ಕರಡಿನ ಮೇಲೆ ಅಧಿಕಾರಿಗಳು ಕೆಂಪು ಶಾಯಿಯಲ್ಲಿ ಎಷ್ಟು ಬರೆದರೆಂದರೆ ನನ್ನ ನೀಲಿ ಕಾಣಿಸದಾಯಿತು. ಕೆಳಗೆ ‘ಪ್ಲೀಸ್ ಸ್ಪೀಕ್’ ಎಂದಿತ್ತು. ಕಚೇರಿಯ ಭಾಷೆಯಲ್ಲಿ ಅದರರ್ಥ ‘ಬಂದು ಕಾಣುವುದು’. ನಾನು ಅದನ್ನು ‘ದಯವಿಟ್ಟು ಮಾತನಾಡಲು ಕಲಿಯಿರಿ’ ಎಂದು ಓದಿಕೊಂಡು ಅಂದು ಮಧ್ಯಾಹ್ನ ಊಟ ಮಾಡಲಿಲ್ಲ.

ತಾರ್ನಾಕದ ಸಂಸ್ಥೆಯಲ್ಲಿ ಹೊರಗಿನವರಿಗಾಗಿ ಸಂಜೆಯ ಅರೆಕಾಲಿಕ ತರಗತಿಗಳಿವೆಯೆಂದು ತಿಳಿದು ಅರ್ಜಿ ಹಾಕಿದೆ. ಪರೀಕ್ಷೆ ಮಾಡಿ ಮಧ್ಯಮ ಮಟ್ಟದ ತರಗತಿಗೆ, ಅವರ ಮಾತಿನಲ್ಲಿ ‘ಇಂಟರ್ಮೀಡಿಯೆಟ್’ಗೆ, ಸೇರಿಸಿದರು. ಪದವೀಧರನಾದ ನಾನು ಮತ್ತೆ ಇಂಟರ್ಮೀಡಿಯೆಟ್! ಕೆಲವು ತಿಂಗಳು ಕಚೇರಿ ಮುಗಿಸಿ ಸಿಕಂದರಾಬಾದಿನಲ್ಲಿ ಬಸ್ಸು ಬದಲಿಸಿ ಅಲ್ಲಿಗೆ ಹೋದೆ. ಮಧ್ಯಮ ಮಟ್ಟದವನ ಕಷ್ಟವೇ ಬೇರೆ. ಏನೂ ಬಾರದವನಿಗೆ ದಿನಕ್ಕೊಂದು ಹೊಸತು ಸಿಗುತ್ತದೆ, ಉತ್ಸಾಹವಿರುತ್ತದೆ. ನಡುವಿನವನು ಕೇಳಿದರೆ ತಿಳಿದುಕೊಳ್ಳುತ್ತಾನೆ, ಹೇಳಲು ಹೋದರೆ ತೊಡರುತ್ತಾನೆ. ತಿಂಗಳುಗಟ್ಟಲೆ ಮುಂದೆ ಹೋದಂತೆಯೇ ಕಾಣುವುದಿಲ್ಲ. ಇಲ್ಲಿಯೇ ಬಹುಮಂದಿ ಕೈಬಿಡುವುದು.

ನನ್ನ ತಪ್ಪುಗಳೆಲ್ಲ ನನ್ನ ಮಾತೃಭಾಷೆಯ ಮಕ್ಕಳೆಂದು ಅಲ್ಲಿ ತಿಳಿಯಿತು. ‘ಎಗ್’ ಎಂಬುದು ನನ್ನ ಬಾಯಲ್ಲಿ ‘ಯೆಗ್ಗು’, ‘ಓನ್ಲಿ’ ಎಂಬುದು ‘ವೋನ್ಲಿ’. ಕನ್ನಡದ ಪದ ಸ್ವರದಲ್ಲಿ ಮುಗಿಯಬೇಕೆಂದು ಬಯಸುವುದರಿಂದ ನಾವು ಬಸ್ಸು, ಕಾರು, ಪೆನ್ನು ಎನ್ನುತ್ತೇವೆ. ನಮ್ಮ ಪಕ್ಕದ ಹೈದರಾಬಾದಿ ಗೆಳೆಯ ಸ್ವರವನ್ನು ಮುಂದೆ ಸೇರಿಸಿ ‘ಇಸ್ಕೂಲ್’, ‘ಇಸ್ಟೇಷನ್’ ಎನ್ನುತ್ತಿದ್ದ. ಬಾಲ ಹಚ್ಚುವವರು ನಾವು, ಕೊಂಬು ಹಚ್ಚುವವರು ಅವರು. ‘ನನಗೆ ಜ್ವರ ಬಂದಿದೆ’ ಎಂಬುದನ್ನು ಇಂಗ್ಲಿಷಿಗೆ ತಂದಾಗ ಜ್ವರವನ್ನೇ ಕರ್ತೃವಾಗಿ ಮಾಡಿ ಕೂಡಿಸುತ್ತಿದ್ದೆ. ಇಂಗ್ಲಿಷಿನಲ್ಲಿ ಮನುಷ್ಯ ಜ್ವರವನ್ನು ‘ಹೊಂದಿರುತ್ತಾನೆ’.

ಎಲ್ಲಕ್ಕಿಂತ ಕಾಡಿದ್ದು ‘ಎ’ ಮತ್ತು ‘ದಿ’. ಕನ್ನಡದಲ್ಲಿ ಇವಿಲ್ಲವೆಂದು ಎಲ್ಲರೂ ಹೇಳುತ್ತಾರೆ. ಒಂದು ಸಂಜೆ ಬಸ್ಸಿನಲ್ಲಿ ಯೋಚಿಸುತ್ತ ಕುಳಿತಾಗ ಹೊಳೆಯಿತು: ‘ಪುಸ್ತಕ ಓದಿದೆ’ ಎಂದರೆ ಯಾವುದೋ ಪುಸ್ತಕ, ‘ಪುಸ್ತಕವನ್ನು ಓದಿದೆ’ ಎಂದರೆ ಕೇಳುವವನಿಗೂ ಗೊತ್ತಿರುವ ಆ ಪುಸ್ತಕ. ‘ದಿ’ ಮಾಡುವ ಕೆಲಸದ ಒಂದು ಪಾಲನ್ನು ನಮ್ಮ ‘ಅನ್ನು’ ಪ್ರತ್ಯಯ ಸದ್ದಿಲ್ಲದೆ ಮಾಡುತ್ತಿದೆ! ಮರುದಿನ ಅಧ್ಯಾಪಕರಿಗೆ ಹೇಳಿದಾಗ ಅವರು ನನ್ನನ್ನೇ ಹಲಗೆಯ ಬಳಿ ಕರೆದು ತರಗತಿಗೆ ವಿವರಿಸಲು ಹೇಳಿದರು. ನಾನು ಜೀವನದಲ್ಲಿ ಮೊದಲ ಬಾರಿ ನಾಲ್ಕು ಜನರೆದುರು ನಿಂತು ಇಂಗ್ಲಿಷಿನಲ್ಲಿ ಮಾತನಾಡಿದ್ದು ಕನ್ನಡ ವ್ಯಾಕರಣದ ಬಗ್ಗೆ.

ಅಲ್ಲಿ ಪರದೇಶದ ಅಧಿಕಾರಿಗಳೂ ಇಂಗ್ಲಿಷ್ ಕಲಿಯಲು ಬರುತ್ತಿದ್ದರು. 1964ರಲ್ಲಿ ಆರಂಭವಾದ ಭಾರತ ಸರ್ಕಾರದ ತಾಂತ್ರಿಕ ಸಹಕಾರ ಯೋಜನೆಯಡಿ ಏಷ್ಯಾ, ಆಫ್ರಿಕಾ ದೇಶಗಳವರಿಗೆ ಇಂಥ ತರಬೇತಿಗಳಿವೆ. ಚಹಾ ಕುಡಿಯುವಾಗ ವಿಯೆಟ್ನಾಮಿನ ಗುಮಾಸ್ತರೊಬ್ಬರ ಪರಿಚಯವಾಯಿತು. ಅವರ ಇಂಗ್ಲಿಷ್ ನನಗಿಂತ ಕಚ್ಚಾ. ಆದರೆ ಅವರಿಗೆ ನಾಚಿಕೆಯೇ ಇರಲಿಲ್ಲ. ಅವರ ಕಚೇರಿಯ ಕಡತಗಳೆಲ್ಲ ಅವರ ಭಾಷೆಯಲ್ಲಿವೆಯಂತೆ; ಹೊರದೇಶಕ್ಕೆ ಬರೆಯುವ ಪತ್ರಕ್ಕೆ ಮಾತ್ರ ಇಂಗ್ಲಿಷ್. ‘ನಿಮ್ಮ ಮಾತೃಭಾಷೆಯಲ್ಲಿ ಕಚೇರಿಯ ಟಿಪ್ಪಣಿ ಬರೆಯುವುದಿಲ್ಲವೇ?’ ಎಂದು ಅವರು ಸಹಜವಾಗಿ ಕೇಳಿದರು. ಹಲವು ಭಾಷೆಗಳ ನಮ್ಮ ದೇಶದ ಪರಿಸ್ಥಿತಿ ಬೇರೆ, ಅದನ್ನು ವಿವರಿಸಿದೆ. ಆದರೂ ಅವರ ಭುಜದ ಮೇಲೆ ಇಲ್ಲದ ಒಂದು ಭಾರ ನನ್ನ ಭುಜದ ಮೇಲಿದೆಯೆಂದು ಅನಿಸಿತು. ಅವರಿಗೆ ಇಂಗ್ಲಿಷ್ ಒಂದು ಉಪಕರಣ. ನನಗೆ ಅದು ನನ್ನ ಬೆಲೆ ಅಳೆಯುವ ತಕ್ಕಡಿಯೂ ಆಗಿತ್ತು.

ಗೋಕಾಕರ ಇನ್ನೊಂದು ಮುಖ

ಗೋಕಾಕರ ಕಥೆಯನ್ನು ಅರ್ಧಕ್ಕೇ ನಿಲ್ಲಿಸಿದ್ದೆ. ಹೈದರಾಬಾದಿನಿಂದ ಅವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿ ಹೋದರು. 1980ರಲ್ಲಿ ಕರ್ನಾಟಕ ಸರ್ಕಾರ ಪ್ರೌಢಶಾಲೆಗಳಲ್ಲಿ ಪ್ರಥಮ ಭಾಷೆ ಯಾವುದಿರಬೇಕೆಂಬ ವಿವಾದವನ್ನು ಬಗೆಹರಿಸಲು ಅವರ ಅಧ್ಯಕ್ಷತೆಯಲ್ಲಿ ಸಮಿತಿ ನೇಮಿಸಿತು. 1981ರಲ್ಲಿ ಅವರು ಕೊಟ್ಟ ವರದಿ ಕನ್ನಡವೇ ಏಕೈಕ ಪ್ರಥಮ ಭಾಷೆಯಾಗಿರಬೇಕೆಂದಿತು. ಅದರ ಜಾರಿಗಾಗಿ 1982ರಲ್ಲಿ ನಾಡಿನಾದ್ಯಂತ ನಡೆದ ಗೋಕಾಕ್ ಚಳವಳಿ, ಅದರ ಮುಂದಾಳ್ತನ ವಹಿಸಿ ಊರೂರು ತಿರುಗಿದ ಡಾ. ರಾಜಕುಮಾರ್ ಇವು ಎಲ್ಲರಿಗೂ ತಿಳಿದ ವಿಷಯ. ಮುಂದೆ ಮಾಧ್ಯಮದ ವಿಷಯ ನ್ಯಾಯಾಲಯಗಳನ್ನೇರಿ, 2014ರಲ್ಲಿ ಸರ್ವೋಚ್ಚ ನ್ಯಾಯಾಲಯ ಪ್ರಾಥಮಿಕ ಹಂತದಲ್ಲಿ ಮಾತೃಭಾಷಾ ಮಾಧ್ಯಮವನ್ನು ಸರ್ಕಾರ ಹೇರುವಂತಿಲ್ಲವೆಂದು ತೀರ್ಪಿತ್ತಿತು.

ಇಂಗ್ಲಿಷ್ ಕಲಿಸುವ ಸಂಸ್ಥೆಯನ್ನು ಏಳು ವರ್ಷ ನಡೆಸಿದವರೇ ಕನ್ನಡಕ್ಕೆ ಅಗ್ರಸ್ಥಾನ ಕೇಳಿದ್ದು ವಿರೋಧಾಭಾಸವೆಂದು ಕೆಲವರಿಗೆ ತೋರಬಹುದು. ನನಗೆ ಹಾಗೆ ತೋರುವುದಿಲ್ಲ. ಪರಭಾಷೆಯನ್ನು ಕಲಿಸುವ ಕಷ್ಟ ಬಲ್ಲವನಿಗೇ ಸ್ವಭಾಷೆಯ ಬೆಲೆ ಗೊತ್ತಿರುತ್ತದೆ. ನನಗೆ ‘ದಿ’ ತಿಳಿದದ್ದು ‘ಅನ್ನು’ವಿನಿಂದ. ಕೆಳಗಿನ ಮೆಟ್ಟಿಲು ಗಟ್ಟಿಯಿದ್ದರೆ ಮೇಲಿನದಕ್ಕೆ ಕಾಲಿಡಬಹುದು.

ನಮ್ಮ ಮಕ್ಕಳಿಗೆ ಕನ್ನಡ

ಈಗ ಮಗಳ ಅರ್ಜಿಗೆ ಹಿಂದಿರುಗುತ್ತೇನೆ. ಅವಳ ಸ್ಥಿತಿ ಏನು? ಕನ್ನಡ ಕೇಳಿದರೆ ತಿಳಿಯುತ್ತದೆ, ಮನೆಯ ಮಟ್ಟಿಗೆ ಮಾತು ಬರುತ್ತದೆ, ಓದು ಬರಹ ಇಲ್ಲ. ತಾರ್ನಾಕದ ಅಧ್ಯಾಪಕರು ಪರೀಕ್ಷಿಸಿದ್ದರೆ ಅವಳನ್ನು ನಿಸ್ಸಂದೇಹವಾಗಿ ಮಧ್ಯಮ ಮಟ್ಟದ ತರಗತಿಗೆ ಸೇರಿಸುತ್ತಿದ್ದರು. ನನಗೆ ಇಂಗ್ಲಿಷ್ ಇದ್ದಂತೆ ಅವಳಿಗೆ ಕನ್ನಡ. ಇದರಲ್ಲಿ ಅವಳ ತಪ್ಪಿಲ್ಲ, ಶಾಲೆಯನ್ನೂ ದೂರುವಂತಿಲ್ಲ. ಕೆಂ‍ಪು ಶಾಯಿಗೆ ಹೆದರಿದ ನಾನೇ, ನನ್ನ ಕಷ್ಟ ಅವಳಿಗೆ ಬೇಡವೆಂದು ಮೂರು ವರ್ಷದಿಂದಲೇ ಇಂಗ್ಲಿಷ್ ಪದ್ಯಗಳನ್ನು ಕಲಿಸಿದೆ. ಕನ್ನಡ ಎಲ್ಲಿ ಹೋಗುತ್ತದೆ, ಮನೆಯಲ್ಲೇ ಇದೆಯಲ್ಲ ಎಂದುಕೊಂಡೆ. ಮನೆಯಲ್ಲಿರುವುದೂ ನೋಡಿಕೊಳ್ಳದಿದ್ದರೆ ಹೋಗುತ್ತದೆ.

ಆದರೆ ಮಧ್ಯಮ ಮಟ್ಟದವರನ್ನು ಮೇಲೆತ್ತುವ ವಿದ್ಯೆ ಈ ಊರಿನಲ್ಲೇ ಬೆಳೆದಿದೆ. ಅದನ್ನು ಇಂಗ್ಲಿಷಿಗೆ ಮಾತ್ರ ಏಕೆ ಮೀಸಲಿಡಬೇಕು? ವೆಸ್ಟರು ಹೇಳಿದಂತೆ ಮೊದಲು ಓದು, ಬರಹ ಆಮೇಲೆ. ಮಾತು ಬಲ್ಲ ಮಗುವಿಗೆ ಅಕ್ಷರ ಹಿಡಿಯಲು ವರ್ಷಗಳು ಬೇಕಿಲ್ಲ. ಅದರಲ್ಲೂ ತೆಲುಗು ಲಿಪಿ ಬಲ್ಲ ನಮ್ಮ ಮಕ್ಕಳಿಗೆ ಕನ್ನಡ ಲಿಪಿ ಅರ್ಧ ದಾರಿ ಕ್ರಮಿಸಿದಂತೆಯೇ. ತಲಕಟ್ಟು, ಒತ್ತಕ್ಷರಗಳ ಕೆಲವು ವ್ಯತ್ಯಾಸ ತೋರಿಸಿದರೆ ಸಾಕು. ಪ್ರಭು ಅವರು ಹೇಳಿದಂತೆ ಪಾಠದ ಬದಲು ಕೆಲಸ ಕೊಡಬೇಕು. ಊರಿಗೆ ಹೋದಾಗ ಬಸ್ಸಿನ ಫಲಕ ಓದುವ ಹೊಣೆ ಮಗುವಿನದು. ಮದುವೆಯ ಕರೆಯೋಲೆ ಬಂದರೆ ಮುಹೂರ್ತ, ಸ್ಥಳ ಹೇಳುವುದು ಮಗುವಿನ ಕೆಲಸ. ಅಜ್ಜಿಗೆ ವಾರಕ್ಕೆ ಎರಡು ಸಾಲು ಕನ್ನಡ ಅಕ್ಷರದಲ್ಲಿ ಬರೆಯುವುದು. ತಪ್ಪಿದರೆ ನಗಬಾರದು; ಇದು ಬಹಳ ಮುಖ್ಯ. ‘ಯೆಗ್ಗು’ ಎಂದಾಗ ನಕ್ಕವರನ್ನು ನಾನು ಇಂದಿಗೂ ಮರೆತಿಲ್ಲ.

ನಮ್ಮ ಮನೆಯಲ್ಲಿ ದಿನಕ್ಕೆ ಕಾಲು ಗಂಟೆಯಂತೆ ಆರಂಭಿಸಿ ಕೆಲವು ತಿಂಗಳಾದವು. ಸಂಘದ ಪದಾಧಿಕಾರಿಗಳು ಮನಸ್ಸು ಮಾಡಿದರೆ ಭಾನುವಾರ ಎರಡು ಗಂಟೆ ಹತ್ತು ಮಕ್ಕಳನ್ನು ಕೂಡಿಸಬಹುದು. ಕಲಿಸಲು ನಾನು ಸಿದ್ಧ. ಇನ್ನಿಬ್ಬರು ಮುಂದೆ ಬಂದರೆ ಸಂತೋಷ.

ಈ ಲೇಖನದ ಕರಡನ್ನು ಮಗಳಿಗೆ ಕೊಟ್ಟು ಶೀರ್ಷಿಕೆ ಓದಲು ಹೇಳಿದೆ. ‘ಹೈದರಾಬಾದಿನಲ್ಲಿ’ ಎಂಬುದನ್ನು ನಿಧಾನವಾಗಿ, ಸರಿಯಾಗಿ ಓದಿದಳು. ‘ಇಂಗ್ಲಿಷ್’ ಎಂಬುದರ ಒತ್ತಕ್ಷರದ ಬಳಿ ನಿಂತು ನನ್ನ ಮುಖ ನೋಡಿದಳು. ನಾನು ಹೇಳಿಕೊಡಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಅವಳೇ ಓದಿದಳು.